ಇಪ್ಪತ್ತು ಅಡಿಯ ಕೋಳಿ

ಎಲ್ಲ ಅನಾಹುತಕ್ಕೂ ಕಾರಣ ಆ ಫೈಲಿಗೆ ಇಟ್ಟ ಹೆಸರು. ಬ್ಯಾನರ್ ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿ ಬಂದು ಬ್ಯಾನರ್ ಮಾಡಿಸುತ್ತಾನೆ, ಚೆನ್ನಾಗಿದೆ ಎನ್ನುತ್ತಾನೆ, ಅದನ್ನು 'ಫೈನಲ್' ಎಂದು ಹೆಸರಿಟ್ಟು ಉಳಿಸುತ್ತಾರೆ. ಗಿರಾಕಿ ಮನೆಗೆ ಹೋಗಿ ಹೆಂಡತಿಯನ್ನು ಕೇಳಿಕೊಂಡು ವಾಪಸು ಬರುತ್ತಾನೆ. ಬಣ್ಣ ಬದಲಾಗುತ್ತದೆ, ಅದು 'ಫೈನಲ್ ಹೊಸದು'. ಮರುದಿನ ಭಾವಮೈದುನನ್ನು ಕರೆದುಕೊಂಡು ಬರುತ್ತಾನೆ. ಅದು 'ಫೈನಲ್ ಫೈನಲ್'. ಈ ಅಂಗಡಿಯ ಕಂಪ್ಯೂಟರಿನಲ್ಲಿ ಫೈನಲ್ ಅಲ್ಲದ ಫೈಲು ಹುಡುಕಿದರೂ ಸಿಗುತ್ತಿರಲಿಲ್ಲ, ಫೈನಲ್ ಆದ ಕೆಲಸವೂ ಸಿಗುತ್ತಿರಲಿಲ್ಲ.

ಅಂಗಡಿಯ ಡಿಸೈನರ್‌ನನ್ನು ಎಲ್ಲರೂ ಕುಂಚ ಎಂದು ಕರೆಯುತ್ತಿದ್ದರು. ಒಂದು ಕಾಲದಲ್ಲಿ ಏಣಿ ಹತ್ತಿ ಗೋಡೆಗಳ ಮೇಲೆ ಬೋರ್ಡು ಬರೆಯುತ್ತಿದ್ದವನು. ಕೈಯಲ್ಲಿದ್ದ ಕುಂಚ ಹೋಗಿ ಮೌಸ್ ಬಂದಿತ್ತು, ಹೆಸರು ಮಾತ್ರ ಹಳೆಯದೇ ಉಳಿದಿತ್ತು.

ಹಿಂದಿನ ದಿನ ಸಂಜೆ ಅವನಿಗೆ ಕೆಲಸವಿರಲಿಲ್ಲ. ಬೂಟಿನಂಗಡಿಯ ಬ್ಯಾನರ್ ಮುಗಿದಿತ್ತು. ಫ್ಯಾನ್ ತಿರುಗುತ್ತಿರಲಿಲ್ಲ, ಏಕೆಂದರೆ ಯಜಮಾನರು ಆಗತಾನೇ ಅದನ್ನು ಆರಿಸಿ ಹೋಗಿದ್ದರು. ಯಜಮಾನರು ಕೆಟ್ಟವರೇನಲ್ಲ. ಆದರೆ ಅಂಗಡಿಯಲ್ಲಿ ಎಲ್ಲಿ ಫ್ಯಾನ್ ತಿರುಗಿದರೂ ಅವರ ಹೊಟ್ಟೆಯೊಳಗೆ ಏನೋ ತಿರುಗಿದಂತಾಗುತ್ತಿತ್ತು. ಕೂತವರು ಎದ್ದು ನೀರು ಕುಡಿಯಲು ಹೋದರೆ ಸಾಕು, ಬರುವಷ್ಟರಲ್ಲಿ ಫ್ಯಾನ್ ಬಂದ್. ಬೆವರು ಒರೆಸಿಕೊಳ್ಳುತ್ತ ಕುಂಚ ಸುಮ್ಮನೆ ಒಂದು ಚಿತ್ರ ಬರೆಯತೊಡಗಿದ. ಒಂದು ದಪ್ಪನೆಯ ಕೋಳಿ. ಅದು ಕಾವು ಕೊಡಲು ಕೂತಿರುವುದು ಮೊಟ್ಟೆಗಳ ಮೇಲಲ್ಲ, ಸಾಲು ಸ್ವಿಚ್ಚುಗಳ ಮೇಲೆ. ಕೋಳಿಗೆ ಯಜಮಾನರ ಪೊದೆ ಮೀಸೆ, ಹಣೆಯ ಮೇಲಕ್ಕೆ ಸರಿಸಿದ ಕನ್ನಡಕ, ಎದೆಯ ಜೇಬಿನಲ್ಲಿ ಸಾಲಾಗಿ ಪೆನ್ನು. ಕಣ್ಣುಗಳಲ್ಲಿ ಯಾರಾದರೂ ಹತ್ತಿರ ಬಂದರೆ ಕುಕ್ಕಿಬಿಡುವ ನೋಟ. ಬರೆದು ಮುಗಿಸಿದಾಗ ಇಷ್ಟು ವರ್ಷದಲ್ಲಿ ತಾನು ಇಂಥದ್ದೊಂದನ್ನು ಬರೆದೇ ಇಲ್ಲ ಎನಿಸಿ ಅವನಿಗೆ ನಿಜವಾಗಿಯೂ ಹೆಮ್ಮೆಯಾಯಿತು. ಕೈ ತನ್ನ ಅಭ್ಯಾಸದಂತೆ 'ಫೈನಲ್' ಎಂದು ಹೆಸರಿಟ್ಟು ಉಳಿಸಿತು.

ಅಷ್ಟರಲ್ಲಿ ಬಾಗಿಲಿನಿಂದ ಯಜಮಾನರು ಕೂಗಿದರು. "ಏಯ್ ಕುಂಚ, ಬೂಟಿನಂಗಡಿದು ಪ್ರಿಂಟಿಗೆ ಕಳಿಸಿದ್ಯಾ ಇಲ್ವಾ?"

"ಕಳಿಸ್ತಾ ಇದ್ದೀನಿ ಸರ್!" ಎಂದು ಕುಂಚ ಗಾಬರಿಯಿಂದ ಕಳಿಸಿಯೇಬಿಟ್ಟ. ಪ್ರಿಂಟರ್ ಮಾತ್ರ ಒಮ್ಮೆ ಕೀಚ್ ಎಂದು ಸುಮ್ಮನಾಯಿತು. ಬಟ್ಟೆಯ ರೋಲು ಮುಗಿದಿತ್ತು. ನಾಳೆ ಬೆಳಿಗ್ಗೆ ಹೊಸ ರೋಲು ಹಾಕಿದರಾಯಿತು ಎಂದು ಕುಂಚ ಮನೆಗೆ ಹೊರಟ.

ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದಾಗ ಕುಂಚನಿಗೆ ಹೊಳೆಯಿತು. ಬೂಟಿನಂಗಡಿಯ ಬ್ಯಾನರಿನ ಹೆಸರು 'ಫೈನಲ್ ಹೊಸದು'. ತಾನು ಕಳಿಸಿದ್ದು ಬರೀ 'ಫೈನಲ್'. ಅಂದರೆ ಪ್ರಿಂಟರಿನ ಸರದಿಯಲ್ಲಿ ಕೂತಿರುವುದು ಬೂಟಲ್ಲ, ಕೋಳಿ. ಅದೂ ಬೂಟಿಗೆಂದು ಇಟ್ಟಿದ್ದ ಇಪ್ಪತ್ತು ಅಡಿ ಅಳತೆಯಲ್ಲಿ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ 'ಅಯ್ಯೋ' ಎಂದು ಚೀರಿದ.

"ಏನ್ರೀ, ಹಲ್ಲು ನೋವಾ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

"ಹಲ್ಲಲ್ಲ ಕಣೇ, ಹೊಟ್ಟೆಪಾಡು" ಎಂದವನೇ ಬಾಯಿ ಕೂಡ ಸರಿಯಾಗಿ ತೊಳೆಯದೆ ಓಡಿದ. ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅವನಿಗಿಂತ ಹಿಂದಿದ್ದ ಡಿಸೈನರ್ ಒಂದು ದಿನ ಯಜಮಾನರ ನಡಿಗೆಯನ್ನು ಅಣಕಿಸಿ ತೋರಿಸಿದ್ದ. ಸಂಜೆಯೊಳಗೆ ಅವನು ಆ ಅಂಗಡಿಯಿಂದ ತನ್ನದೇ ನಡಿಗೆಯಲ್ಲಿ ಹೊರಗೆ ನಡೆದಿದ್ದ. ಬರೀ ನಡಿಗೆಗೆ ಆ ಗತಿಯಾದರೆ, ಪುಕ್ಕ ಮೀಸೆಗಳ ಸಮೇತ ಕೋಳಿ ಮಾಡಿದವನ ಗತಿಯೇನು?

ಅಂಗಡಿಯಲ್ಲಿ ಆಗಲೇ ಮಶೀನಣ್ಣ ಬಂದು ಪ್ರಿಂಟರಿಗೆ ಹೊಸ ರೋಲು ಹಾಕಿ, ಅದರ ಮೈ ಒರೆಸುತ್ತಿದ್ದ. ಪ್ರಿಂಟರ್ ನೋಡಿಕೊಳ್ಳುವುದು ಅವನ ಕೆಲಸ. ನೋಡಿಕೊಳ್ಳುವುದೆಂದರೆ ಹಸುಗೂಸನ್ನು ನೋಡಿಕೊಂಡ ಹಾಗೆ. ಕುಂಚ ಅವನತ್ತ ನೋಡದೆ ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತಿದ. ಎಂದಿನ ಪರದೆ ಬರಲಿಲ್ಲ. ಅದರ ಬದಲು ನೀಲಿ ಬೆಟ್ಟದ ಚಿತ್ರ, ಬೆಟ್ಟದ ಬುಡದಲ್ಲಿ ಒಂದು ಖಾಲಿ ಪಟ್ಟಿ, ಅದರಲ್ಲಿ ಮಿಣುಕುವ ಒಂದು ಗೆರೆ.

"ಅಣ್ಣಾ, ಇದಕ್ಕೇನಾಯ್ತು?"

"ಹ್ಞಾಂ, ಹೇಳೋದೇ ಮರೆತೆ. ನಿನ್ನೆ ನೀನು ಹೋದ್ಮೇಲೆ ಯಜಮಾನರ ಭಾಮೈದ ಬಂದಿದ್ದ. ಅದೇನೋ ಹೊಸ ಆಪರೇಟಿಂಗ್ ಸಿಸ್ಟಮ್ಮಂತೆ, ಹಾಕಿಹೋದ. ಹಳೇದೆಲ್ಲ ಒಳಗೆ ಹಾಗೇ ಇರುತ್ತೆ, ಮುಖ ಮಾತ್ರ ಹೊಸದು ಅಂದ."

ಒಳಗೆ ಹಾಗೇ ಇರುತ್ತೆ ಎಂಬ ಮಾತು ಕುಂಚನ ಬೆನ್ನಿನ ಮೇಲೆ ತಣ್ಣೀರು ಸುರಿದಂತಾಯಿತು. ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿಯಲ್ಲಿನ ಹಳೆಯ ಪಾಸ್‌ವರ್ಡನ್ನು ಒತ್ತಿದ. 'ಪಾಸ್‌ವರ್ಡ್ ತಪ್ಪಾಗಿದೆ' ಎಂದಿತು. ಇನ್ನೊಮ್ಮೆ, ನಿಧಾನವಾಗಿ ಒತ್ತಿದ. ಅಷ್ಟೇ ನಿಧಾನವಾಗಿ ಅದು ತಪ್ಪು ಎಂದಿತು. ಭಾಮೈದನಿಗೆ ಫೋನ್ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ, ಅವನು ಗೆಳೆಯರ ಜೊತೆ ಬೆಟ್ಟ ಹತ್ತಲು ಹೋಗಿದ್ದಾನೆ ಎಂದ ಮಶೀನಣ್ಣ. ಅಂಗಡಿಯಲ್ಲಿ ಬೆಟ್ಟದ ಚಿತ್ರ ಹಾಕಿ ತಾನು ನಿಜವಾದ ಬೆಟ್ಟದ ಮೇಲೆ ಕೂತಿದ್ದ ಆ ಮಹಾನುಭಾವನಿಗೆ ಕುಂಚ ಮನಸ್ಸಿನಲ್ಲೇ ಸಾಕಷ್ಟು ಬೈದ.

ಅಷ್ಟರಲ್ಲಿ ಯಜಮಾನರದೇ ಫೋನು. "ನಾನು ಅಳತೆ ತಗೊಳ್ಳೋಕೆ ಬಂದಿದ್ದೀನಿ. ನಾಲ್ಕು ಗಂಟೆಗೆ ಬೂಟಿನಂಗಡಿಯವರನ್ನ ಕರ್ಕೊಂಡೇ ಬರ್ತೀನಿ. ಪ್ರಿಂಟ್ ಶುರುವಾಯ್ತಾ?"

"ಆಗ್ತಾ ಇದೆ ಸರ್."

"ಶಬ್ದಾನೇ ಕೇಳ್ತಿಲ್ಲ?"

"ಹೊಸ ಸಿಸ್ಟಮ್ ಸರ್, ಶಬ್ದ ಮಾಡಲ್ಲ" ಎಂದುಬಿಟ್ಟ ಕುಂಚ. ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿ ಗಾಬರಿಯಾಯಿತು.

ಲೆಕ್ಕ ಬರೆಯುವ ಮೇಡಂ ಬಂದಾಗ ಕುಂಚ ಕೀಬೋರ್ಡನ್ನು ಗುದ್ದುತ್ತಿದ್ದ. ಇನ್ನೊಬ್ಬರ ಕಷ್ಟ ಎಂದರೆ ಮೇಡಂಗೆ ತಡೆಯುವುದಕ್ಕಾಗುವುದಿಲ್ಲ, ತಕ್ಷಣ ನಾಲ್ಕು ಜನಕ್ಕೆ ಹೇಳಬೇಕು. ಹೊರಗೆ ಹೋಗಿ ಪಕ್ಕದಂಗಡಿಯ ಮೊಬೈಲ್ ರಿಪೇರಿಯವನನ್ನು ಕರೆತಂದರು. ಬೀದಿಯವರು ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ರೋಗಿಯನ್ನು ನೋಡುವ ಮುಂಚೆಯೇ ತಲೆಯಾಡಿಸುವುದನ್ನು ಅವನೂ ಚೆನ್ನಾಗಿ ಕಲಿತಿದ್ದ.

"ಎಷ್ಟು ಹೊತ್ತಿಂದ ಹೀಗಿದೆ?"

"ಬೆಳಿಗ್ಗೆಯಿಂದ."

"ಹೊಸದೇನಾದ್ರೂ ಹಾಕಿದ್ರಾ?"

"ಆಪರೇಟಿಂಗ್ ಸಿಸ್ಟಮ್."

"ಅದೇ ಮತ್ತೆ! ಮೈಗೆ ಒಗ್ಗಿಲ್ಲ" ಎಂದ ಡಾಕ್ಟ್ರು. "ಒಂದ್ಸಲ ಪೂರ್ತಿ ಆರಿಸಿ ಹಚ್ಚಿದ್ರೆ ತಾನಾಗಿ ಸರಿಹೋಗುತ್ತೆ" ಎಂದು ಮೇಜಿನ ಕೆಳಗೆ ನುಗ್ಗಿ ಒಂದು ಪ್ಲಗ್ ಕಿತ್ತ.

"ಅಯ್ಯೋ, ಅದು ನನ್ನ ಫ್ಯಾನು!" ಎಂದು ಮೇಡಂ ಕೂಗಿದರು. "ಯಜಮಾನರಿಲ್ಲದ ಒಂದು ದಿನಾನಾದ್ರೂ ಗಾಳಿ ಬರಲಿ ಅಂತ ಹಾಕ್ಕೊಂಡಿದ್ದೆ. ನೀವು ಅವರ ಕಡೆಯೋರಾ?"

ಎರಡನೆಯ ಪ್ಲಗ್ ಕಂಪ್ಯೂಟರಿನದೇ ಆಗಿತ್ತು. ಅದು ಆರಿತು, ಹತ್ತಿತು, ಮತ್ತೆ ಅದೇ ಬೆಟ್ಟ ತೋರಿಸಿತು. "ರೋಗ ಹಳೇದು" ಎಂದ ಡಾಕ್ಟ್ರು, ಒಂದು ಸ್ಟೂಲು ಎಳೆದುಕೊಂಡು ಕೂತ. ಅವನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ಅದು.

ಕೀಬೋರ್ಡಿನ ಸದ್ದು ಕೇಳಿ ಎದುರಿನ ಮಹಡಿಯಿಂದ ಟೈಪಿಂಗ್ ಮೇಷ್ಟ್ರೂ ಇಳಿದು ಬಂದರು. ಟೈಪಿಂಗ್ ಕಲಿಯುವವರು ನಿಂತುಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ತಪ್ಪಾಗಿ ಒತ್ತಿದ ಕೀಲಿಯ ಸದ್ದು ಅವರ ಕಿವಿಗೆ ಬಿದ್ದರೆ ಇಂದಿಗೂ ಸುಮ್ಮನಿರಲು ಆಗುತ್ತಿರಲಿಲ್ಲ.

"ಎರಡು ಬೆರಳಲ್ಲಿ ಒತ್ತಿದ್ರೆ ಯಾವ ಮಶೀನು ಒಪ್ಪುತ್ತಪ್ಪ? ಬೆನ್ನು ನೇರ ಮಾಡು. ಮೊಣಕೈ ಒಳಗೆ. ಕೀಲಿ ನೋಡ್ಬೇಡ, ಎದುರಿಗೆ ನೋಡು. ಹ್ಞಾಂ, ಈಗ ಹೊಡಿ!"

ಮೇಷ್ಟ್ರು ಬೆನ್ನ ಹಿಂದೆ ನಿಂತಿರುವಾಗ ಬೇರೆ ದಾರಿಯಿಲ್ಲದೆ ಕುಂಚ ಬೆನ್ನು ನೇರ ಮಾಡಿ, ಮೊಣಕೈ ಒಳಗೆಳೆದು, ಹತ್ತೂ ಬೆರಳುಗಳಲ್ಲಿ ತಪ್ಪು ಪಾಸ್‌ವರ್ಡನ್ನು ಅಚ್ಚುಕಟ್ಟಾಗಿ ಹೊಡೆದ. 'ತುಂಬ ಸಲ ತಪ್ಪಾಗಿದೆ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ' ಎಂದು ಪರದೆ ಬಾಗಿಲು ಹಾಕಿಕೊಂಡಿತು. "ತಪ್ಪಾದ್ರೂ ಈ ಸಲ ಒಳ್ಳೆ ಲಯ ಇತ್ತು" ಎಂದು ಮೇಷ್ಟ್ರು ಮೆಚ್ಚಿಕೊಂಡರು.

ಕಾಯುವ ಹೊತ್ತು ಮುಗಿದು ಪಟ್ಟಿ ಮತ್ತೆ ಬಂದಾಗ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೊಸದೊಂದು ಸಾಲು ಕಾಣಿಸಿತು. 'ಸುಳಿವು: ಅಕ್ಕ.'

ನಾಲ್ಕೂ ತಲೆಗಳು ಪರದೆಯತ್ತ ಬಗ್ಗಿದವು. ಮಶೀನಣ್ಣನೂ ಪ್ರಿಂಟರ್ ಬಿಟ್ಟು ಬಂದ.

"ಅಕ್ಕ ಅಂದ್ರೆ ಯಾರು, ಯಜಮಾನರ ಹೆಂಡತಿ ತಾನೇ?" ಎಂದರು ಮೇಡಂ. "ಅವನಿಗೆ ಅಕ್ಕ ಅಂದ್ರೆ ಪ್ರಾಣ. ಅಕ್ಕನ ಹೆಸರಲ್ಲೋ ಹುಟ್ಟಿದ ದಿನದಲ್ಲೋ ಇಟ್ಟಿರ್ತಾನೆ. ಜನ ಯಾವಾಗಲೂ ಹಾಗೇನೆ, ತುಂಬಾ ಪ್ರೀತಿ ಇರೋರ ಮೇಲೆ ಪಾಸ್‌ವರ್ಡ್ ಇಡ್ತಾರೆ."

"ಇಲ್ಲಾ ತುಂಬಾ ಹೆದರಿಕೆ ಇರೋರ ಮೇಲೆ" ಎಂದ ಮಶೀನಣ್ಣ. ಅವನದು ಅನುಭವದ ಮಾತಿರಬೇಕು, ಯಾರೂ ಹೆಚ್ಚು ಕೇಳಲಿಲ್ಲ.

ಹೆಸರು ಹಾಕಿ ನೋಡಿದರು, ಆಗಲಿಲ್ಲ. ಹೆಸರನ್ನು ಹಿಂದುಮುಂದಾಗಿ ಹಾಕಿದರು, ಆಗಲಿಲ್ಲ. ಕೊನೆಗೆ ಮೇಡಂ ಫೋನ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ಯಜಮಾನರ ಹೆಂಡತಿಗೆ ಕರೆ ಮಾಡಿದರು. ಕಂಪ್ಯೂಟರಿನ ಸುದ್ದಿ ಎತ್ತಬೇಡಿ, ಯಜಮಾನರ ಕಿವಿಗೆ ಹೋದೀತು ಎಂದು ಕುಂಚ ಕೈಮುಗಿದು ಸನ್ನೆ ಮಾಡಿದ.

"ಅಕ್ಕಾವ್ರೆ, ಚೆನ್ನಾಗಿದ್ದೀರಾ? ಒಂದು ಮಾತು ಕೇಳ್ಬೇಕಿತ್ತು. ನೀವು ಹುಟ್ಟಿದ ದಿನ ಯಾವತ್ತು?"

"ಯಾಕಮ್ಮಾ?"

"ಸುಮ್ನೆ... ಅಂಗಡೀಲಿ ಬೇಕಿತ್ತು."

"ನಾನು ಹುಟ್ಟಿದ ದಿನ ಅಂಗಡೀಲಿ ಬೇಕಿತ್ತಾ? ಯಾರಿಗೆ? ಇವರಿಗಾ?"

ಮೇಡಂ ಕುಂಚನ ಮುಖ ನೋಡಿದರು. ಕುಂಚ ಮೇಲೆ ನೋಡಿದ. "ಹ್ಞೂಂ, ಹಾಗೇ ಅಂದ್ಕೊಳ್ಳಿ ಅಕ್ಕಾವ್ರೆ."

"ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ಸಲಾನಾದ್ರೂ ನೆನಪಿಟ್ಕೊಂಡೋರಲ್ಲ..." ಎನ್ನುವಷ್ಟರಲ್ಲಿ ಆ ದನಿ ಮೆತ್ತಗಾಗಿತ್ತು. ದಿನ ಹೇಳಿದರು, ತಿಂಗಳು ಹೇಳಿದರು. ವರ್ಷ ಕೇಳಿದ್ದಕ್ಕೆ ಮಾತ್ರ, "ವರ್ಷ ಯಾಕಮ್ಮ, ದಿನ ತಿಂಗಳು ಸಾಲದಾ?" ಎಂದು ನಕ್ಕು ಫೋನಿಟ್ಟರು.

ವರ್ಷದ ಬಗ್ಗೆ ಅಂಗಡಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮೇಷ್ಟ್ರು ಒಂದು ಹೇಳಿದರು. "ಛೇ, ಅಷ್ಟೊಂದು ವಯಸ್ಸಾಗಿಲ್ಲ ಅವರಿಗೆ" ಎಂದು ಮೇಡಂ ಸಿಡುಕಿದರು. ಡಾಕ್ಟ್ರು ಇಬ್ಬರ ನಡುವಿನದೊಂದು ಹೇಳಿ ರಾಜಿ ಮಾಡಿಸಲು ನೋಡಿದ. ಎಲ್ಲರ ವರ್ಷಗಳನ್ನೂ ಹಾಕಿದ್ದಾಯಿತು. ಪ್ರತಿಸಲವೂ ಪರದೆ ಇನ್ನಷ್ಟು ಹೊತ್ತು ಬಾಗಿಲು ಹಾಕಿಕೊಳ್ಳುತ್ತಿತ್ತು. ಬಾಗಿಲು ಹಾಕಿದಾಗೆಲ್ಲ ಮೇಡಂ ಮತ್ತೊಮ್ಮೆ ಫೋನ್ ಮಾಡುತ್ತಿದ್ದರು. ಮದುವೆಯ ದಿನ ಕೇಳಿದರು. ತಮ್ಮ ಚಿಕ್ಕಂದಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದ ಎಂದು ಕೇಳಿದರು. ನಿಮಗೆ ಇಷ್ಟವಾದ ಬಣ್ಣ ಯಾವುದು ಎಂದಾಗ ಆ ಕಡೆಯಿಂದ ಕಿಲಕಿಲ ನಗು ಬಂತು.

"ಗೊತ್ತಾಯ್ತು ಬಿಡಿ! ಹುಟ್ಟಿದ ದಿನ, ಮದುವೆ ದಿನ, ಬಣ್ಣ... ಇವರು ನನಗೇನೋ ಮಾಡಿಸ್ತಿದ್ದಾರೆ. ನಾನು ಏನೂ ಗೊತ್ತಿಲ್ಲದವಳ ಹಾಗೇ ಇರ್ತೀನಿ. ಎಷ್ಟು ಹೊತ್ತಿಗೆ ಬರಲಿ?"

"ಅಯ್ಯೋ, ಬರೋದೇನೂ ಬೇಡ ಅಕ್ಕಾವ್ರೆ..."

"ಆಯ್ತಾಯ್ತು, ಹಾಗೇ ಹೇಳ್ಬೇಕು ನೀವು" ಎಂದು ಫೋನು ಕಟ್ಟಾಯಿತು.

ಕುಂಚ ತಲೆಯ ಮೇಲೆ ಕೈ ಹೊತ್ತು ಕೂತ. ಬೆಳಿಗ್ಗೆ ಒಬ್ಬರ ಕಣ್ಣು ತಪ್ಪಿಸಿದ್ದರೆ ಸಾಕಿತ್ತು. ಈಗ ಇಬ್ಬರಾದರು.

"ಕೊನೇ ಮದ್ದು ಒಂದಿದೆ" ಎಂದ ಡಾಕ್ಟ್ರು ಗಂಭೀರವಾಗಿ. "ಫಾರ್ಮ್ಯಾಟ್. ಒಳಗಿರೋದೆಲ್ಲ ಅಳಿಸಿ ಮೊದಲಿಂದ ಶುರು ಮಾಡೋದು. ಆದರೆ ಒಂದು ಫೈಲೂ ಉಳಿಯಲ್ಲ."

"ಒಂದೂ ಉಳಿಯಲ್ವಾ?" ಕುಂಚನ ಮುಖ ಅರಳಿತು. "ಮಾಡಿಬಿಡಿ! ಈಗಲೇ ಮಾಡಿ!"

ಇಷ್ಟು ವರ್ಷದ ತನ್ನ ಕೆಲಸವೆಲ್ಲ ಹೋಗುತ್ತದೆಂದರೆ ಒಬ್ಬ ಡಿಸೈನರ್ ಇಷ್ಟು ಖುಷಿಪಡುವುದನ್ನು ಯಾರೂ ಕಂಡಿರಲಿಲ್ಲ. ಮೇಡಂ ಬಂದು ಕಂಪ್ಯೂಟರಿಗೆ ಅಡ್ಡ ನಿಂತರು. "ನನ್ನ ಲೆಕ್ಕವೆಲ್ಲ ಅದರಲ್ಲೇ ಇದೆ. ಯಾರಾದ್ರೂ ಮುಟ್ಟಿ ನೋಡಿ!" ಯಾರೂ ಮುಟ್ಟಲಿಲ್ಲ. ಪ್ರಿಂಟರಿನ ರೋಲನ್ನಾದರೂ ತೆಗೆದಿಡೋಣವಾ ಎಂದು ಕುಂಚ ಮಶೀನಣ್ಣನನ್ನು ಮೆಲ್ಲಗೆ ಕೇಳಿದ. "ಹಾಕಿದ ರೋಲು ತೆಗೆಯೋದಾ? ನಿಂಗೆ ಇವತ್ತು ಏನಾಗಿದೆ?" ಎಂದು ಮಶೀನಣ್ಣ ಪ್ರಿಂಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಕುಂಚನಿಗೆ ಎಲ್ಲರೆದುರು ನಿಜ ಹೇಳಿಬಿಡೋಣ ಎನಿಸಿತು. ಆದರೆ ಮೇಡಂಗೆ ಹೇಳುವುದೂ ಬ್ಯಾನರ್ ಮಾಡಿ ಕಟ್ಟುವುದೂ ಒಂದೇ ಎಂದು ನೆನಪಾಗಿ ನುಂಗಿಕೊಂಡ.

ಮೂರೂವರೆಗೆ ಯಜಮಾನರ ಹೆಂಡತಿ ಬಂದರು. ಚೆನ್ನಾಗಿ ಅಲಂಕರಿಸಿಕೊಂಡಿದ್ದರು. ಮುಖದಲ್ಲಿ ಏನೂ ಗೊತ್ತಿಲ್ಲದವರ ಭಾವ ಎಷ್ಟು ತುಂಬಿತ್ತೆಂದರೆ, ಎಲ್ಲ ಗೊತ್ತಿದೆ ಎಂದು ಬೀದಿಯ ತುದಿಯಿಂದಲೇ ತಿಳಿಯುತ್ತಿತ್ತು. "ಈ ಕಡೆ ಹೋಗ್ತಾ ಇದ್ದೆ, ಹಾಗೇ ಬಂದೆ" ಎಂದು ಸುತ್ತ ನೋಡಿದರು. ಗೋಡೆಗಳು ಖಾಲಿ. ಮೇಜುಗಳು ಖಾಲಿ. ಎದುರಿಗೆ ತಪ್ಪು ಮಾಡಿದ ಮಕ್ಕಳಂತೆ ನಿಂತ ಐದು ಜನ.

ಮೇಡಂಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕಾವ್ರೆ, ತಪ್ಪು ತಿಳ್ಕೋಬೇಡಿ. ನಿಮ್ಮ ತಮ್ಮ ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಇಟ್ಟು ಹೋಗಿದ್ದಾನೆ. ಸುಳಿವು ಅಂತ ಅಕ್ಕ ಅಂತ ಬರೆದಿದ್ದಾನೆ. ಅದಕ್ಕೇ ಅದೆಲ್ಲ ಕೇಳಿದ್ದು."

"ಅಷ್ಟೇನಾ?" ಎಂದರು ಅವರು. ಮುಖದ ಬೆಳಕು ಆರಿಹೋಯಿತು. ಅದನ್ನು ನೋಡಿ ಕುಂಚನಿಗೆ ತನ್ನ ಭಯ ಮರೆತು ಕರುಳು ಚುರುಕ್ ಎಂದಿತು. ಪಾಪ, ಆ ಹೆಂಗಸು ಬೆಳಗಿನಿಂದ ಎಷ್ಟು ಸಂತೋಷವಾಗಿದ್ದರೋ.

"ಅದಕ್ಕೆ ನನ್ನ ಜಾತಕ ಎಲ್ಲ ಯಾಕ್ರೀ ಬೇಕಿತ್ತು?" ಎಂದರು ಅವರು ಬೇಸರದಿಂದ. "ಪಾಸ್‌ವರ್ಡ್ ಏನೂಂತ ನನಗೆ ಹೇಳಿ ಹೋಗಿದ್ದಾನೆ. ಮರೆತ್ರೆ ಅಕ್ಕನ್ನ ಕೇಳಿ ಅಂತಾನೇ ಅಕ್ಕ ಅಂತ ಬರೆದಿರೋದು. ಬೆಳಿಗ್ಗೆಯಿಂದ ಎಲ್ಲ ಕೇಳಿದ್ರಿ, ಅದೊಂದು ಬಿಟ್ಟು. ಸರೀರಿ, ಒಂದರಿಂದ ಎಂಟರವರೆಗೆ ವರಸೆಯಾಗಿ ಒತ್ತಿದ್ರಾಯ್ತು. ಅವನಿಗೆ ಅದಕ್ಕಿಂತ ಮುಂದೆ ನೆನಪಿರಲ್ಲ."

ಅವರೇ ಬಗ್ಗಿ ಒತ್ತಿದರು. ಬೆಟ್ಟ ಸರಿಯಿತು. ಪರದೆ ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಂಚ ಚಪ್ಪಾಳೆ ತಟ್ಟಲಿಲ್ಲ, ಮೌಸಿನ ಮೇಲೆ ಹಾರಿಬಿದ್ದ.

ಹಳೆಯ ವ್ಯವಸ್ಥೆಯಾಗಿದ್ದರೆ, ನಿನ್ನೆಯ ಕೆಲಸ ಬಾಕಿ ಇದೆ, ಮುಂದುವರಿಸಲೇ ಎಂದು ಕೇಳುತ್ತಿತ್ತು. ಹೊಸದಕ್ಕೆ ಆ ಮರ್ಯಾದೆ ಇರಲಿಲ್ಲ. ಬಾಗಿಲು ತೆರೆದದ್ದೇ ತಡ, ಹಿಂದಿನ ದಿನ ಬಾಕಿಯಿದ್ದದ್ದನ್ನು ತಾನಾಗಿ ಕೈಗೆತ್ತಿಕೊಂಡಿತು. ಪ್ರಿಂಟರಿನಿಂದ ಗರ್‍ರ್ ಎಂದು ಸದ್ದು ಬಂತು. ಇಡೀ ದಿನ ಈ ಪರದೆ ತೆರೆಯಲೆಂದು ಒದ್ದಾಡದೆ ತೆಪ್ಪಗಿದ್ದಿದ್ದರೆ ಕೋಳಿ ಒಳಗೇ ನಿದ್ದೆ ಮಾಡುತ್ತಿತ್ತು ಎಂದು ಕುಂಚನಿಗೆ ಆಗ ಅರ್ಥವಾಯಿತು. ಕಾವು ಕೊಟ್ಟು ಎಬ್ಬಿಸಿದವನು ತಾನೇ.

ನಿಲ್ಲಿಸುವ ಗುಂಡಿ ಹುಡುಕಿದ. ಅದು ಇದ್ದ ಜಾಗದಲ್ಲಿ ಈಗ ಹವಾಮಾನ ತೋರಿಸುತ್ತಿತ್ತು, ಬಿಸಿಲು ಮೋಡ ಸಮೇತ. ಎದ್ದು ಪ್ರಿಂಟರಿನ ಕೆಂಪು ಗುಂಡಿಯತ್ತ ಓಡಿದ. ಮಶೀನಣ್ಣ ಅವನ ಕೈಯನ್ನು ಗಾಳಿಯಲ್ಲೇ ಹಿಡಿದ.

"ಮಧ್ಯದಲ್ಲಿ ನಿಲ್ಲಿಸಿದ್ರೆ ಇಂಕು ಹೆಡ್ಡೊಳಗೇ ಒಣಗುತ್ತೆ. ನನ್ನ ಪ್ರಾಣ ಇರೋತನಕ ಬಿಡಲ್ಲ."

"ಅಣ್ಣಾ, ನನ್ನ ಪ್ರಾಣ ಹೋಗ್ತಿದೆ!"

"ಇಪ್ಪತ್ತು ಅಡಿ ತಾನೇ, ಈಗ ಮುಗಿಯುತ್ತೆ."

ಬ್ಯಾನರ್ ಬಾಲದ ಕಡೆಯಿಂದ ಹೊರಬರತೊಡಗಿತು. ಮೊದಲು ಕಂದು ಬಣ್ಣದ ಪುಕ್ಕ. "ಬೂಟಿಗೆ ಪುಕ್ಕ ಯಾಕೆ?" ಎಂದ ಡಾಕ್ಟ್ರು. "ಈಗಿನ ಫ್ಯಾಷನ್ ಇರಬೇಕು" ಎಂದರು ಮೇಷ್ಟ್ರು. ಆಮೇಲೆ ಅಗಲವಾದ ಒಂದು ರೆಕ್ಕೆ, ಅದರ ಕೆಳಗೆ ಒಂದಾದ ಮೇಲೊಂದು ಸ್ವಿಚ್ಚು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಜೇಬಿನ ಪೆನ್ನುಗಳು ಬರುವ ಹೊತ್ತಿಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸರಿಯಾಗಿ ಮೀಸೆ ಹೊರಬರುತ್ತಿದ್ದಾಗ ಅದೇ ಮೀಸೆ ಬಾಗಿಲಿನಿಂದ ಒಳಗೂ ಬಂತು. ಯಜಮಾನರ ಹಿಂದೆ ಬೂಟಿನಂಗಡಿಯವರು.

ಯಜಮಾನರು ಬ್ಯಾನರಿನ ಈ ತುದಿಯಿಂದ ಆ ತುದಿಗೆ ನೋಡಿದರು. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಮತ್ತೊಮ್ಮೆ ನೋಡಿದರು. "ಯಾರು..." ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅಂಗಡಿ ನಡುಗುವಂಥ ಒಂದು ನಗು ಕೇಳಿಸಿತು. ಅವರ ಹೆಂಡತಿ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

"ರೀ! ಪಾಸ್‌ವರ್ಡು ಗೀಸ್‌ವರ್ಡು ಅಂತ ಇವರ ಕೈಲೆಲ್ಲ ನಾಟಕ ಆಡಿಸಿ, ಕೊನೆಗೆ ಇದನ್ನ ಮಾಡಿಸಿದ್ರಾ? ನನಗೋಸ್ಕರ? ಮದುವೆಯಾದಾಗಿಂದ ನಾನು ಬಾಯಿ ಬಡ್ಕೊಂಡಿದ್ದೇ ಈ ಸ್ವಿಚ್ಚಿನ ವಿಷಯಕ್ಕೆ! ನಿಮ್ಮ ಕಿವಿಗೆ ಬಿದ್ದಿದೆ ಅಂತಾನೇ ನಂಗೆ ಗೊತ್ತಿರಲಿಲ್ಲ ರೀ." ಹೇಳುತ್ತ ಹೇಳುತ್ತ ಅವರ ದನಿಯಲ್ಲಿ ನಗುವಿನ ಜೊತೆ ಬೇರೇನೋ ಬೆರೆಯಿತು, ಗಂಡನ ತೋಳು ಹಿಡಿದುಕೊಂಡರು.

ಬೂಟಿನಂಗಡಿಯವರೂ ಹೊಟ್ಟೆ ಹಿಡಿದುಕೊಂಡಿದ್ದರು. "ತನ್ನ ಮುಖ ತಾನೇ ಹೀಗೆ ಬರೆಸೋಕೆ ಗುಂಡಿಗೆ ಬೇಕು ಸ್ವಾಮಿ! ದೊಡ್ಡ ಮನಸ್ಸು ನಿಮ್ಮದು. ನನ್ನ ಬ್ಯಾನರು ನಾಳೆ ಆದ್ರೂ ಚಿಂತೆಯಿಲ್ಲ."

ಯಜಮಾನರು ಹೆಂಡತಿಯನ್ನು ನೋಡಿದರು. ಗಿರಾಕಿಯನ್ನು ನೋಡಿದರು. ಕೊನೆಗೆ ಕುಂಚನನ್ನು ನೋಡಿದರು, ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹ್ಞೂಂ ಮತ್ತೆ, ನಾನೇ ಹೇಳಿ ಬರೆಸಿದ್ದು" ಎಂದರು.

ಹೆಂಡತಿಯ ಅಪ್ಪಣೆಯಂತೆ ಕೋಳಿಯನ್ನು ಅಂಗಡಿಯ ಮುಂದೆಯೇ ಕಟ್ಟಿದ್ದಾಯಿತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ನಕ್ಕರು, ಇಬ್ಬರು ಒಳಗೆ ಬಂದು ಬ್ಯಾನರಿನ ದರ ವಿಚಾರಿಸಿದರು. ಹೆಂಡತಿ ಹೊರಡುವ ಮುಂಚೆ ಅಂಗಡಿಯ ಅಷ್ಟೂ ಫ್ಯಾನುಗಳನ್ನು ತಾವೇ ಹಚ್ಚಿದರು. ಯಜಮಾನರು ಕೈಕಟ್ಟಿಕೊಂಡು ನೋಡುತ್ತ ನಿಂತರು. ತಂಪಾದ ಗಾಳಿ ಬೀಸಿತು, ಬೆಳಗಿನಿಂದ ಮೊದಲ ಸಲ ಕುಂಚನ ಬೆವರು ಆರಿತು. ಕೆಲಸ ಉಳಿಯಿತು ಎಂದು ಅವನು ಉಸಿರುಬಿಟ್ಟ.

ಎಲ್ಲರೂ ಚದುರಿದ ಮೇಲೆ ಯಜಮಾನರು ಅವನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಕೂತ್ಕೋ. ಚೆನ್ನಾಗಿ ಬರೆದಿದ್ದೀಯ. ಸುಳ್ಳು ಹೇಳಲ್ಲ, ನನ್ನ ಮುಖಾನೇ ಬಂದುಬಿಟ್ಟಿದೆ."

"ಸರ್, ತಪ್ಪಾಯ್ತು ಸರ್, ಅದು..."

"ತಪ್ಪೇನು ಬಂತು? ಮನೆಯವಳು ಇಷ್ಟು ನಕ್ಕಿದ್ದು ನಾನು ನೋಡೇ ಇರಲಿಲ್ಲ. ಆದರೆ ನಾಳೆ ಅವಳ ತವರಿನವರೆಲ್ಲ ನನ್ನನ್ನ ನೋಡೋಕೆ ಬರ್ತಾರಂತೆ, ಈಗ ಫೋನ್ ಮಾಡಿ ಹೇಳಿದ್ಲು. ನಾನೊಬ್ನೇ ಅಲ್ಲಿ ನೇತಾಡ್ತಿದ್ರೆ ಚೆನ್ನಾಗಿರುತ್ತಾ? ಜೋಡಿ ಇರಬೇಕು. ಬೆಳಿಗ್ಗೆ ಹೊತ್ತಿಗೆ ಅವಳದೂ ಒಂದು ಬರೆದು ಪಕ್ಕದಲ್ಲಿ ಕಟ್ಟು. ಇದಕ್ಕಿಂತ ದೊಡ್ಡದಾಗಿ."

"ಅಕ್ಕಾವ್ರದಾ ಸರ್? ಏನಂತ ಬರೀಲಿ?"

"ಅದು ನಿನಗೆ ಬಿಟ್ಟಿದ್ದು. ನನ್ನನ್ನ ನೋಡಿದ್ರೆ ಕೋಳಿ ಹೊಳೀತಲ್ಲ, ಅವಳನ್ನ ನೋಡಿದ್ರೂ ಏನಾದ್ರೂ ಹೊಳಿಯುತ್ತೆ."

"ಸರ್, ಅವರು ಬೇಜಾರು ಮಾಡ್ಕೊಂಡ್ರೆ?"

"ಮಾಡ್ಕೋತಾಳೆ. ಮಾಡ್ಕೊಳ್ಳದೆ ಏನು? ಸಿಗಿದು ತೋರಣ ಕಟ್ತಾಳೆ" ಎಂದರು ಯಜಮಾನರು, ಎದ್ದು ಬಂದು ಅವನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟು. "ನೋಡು ಕುಂಚ, ನಿನ್ನ ಚಿತ್ರಕ್ಕೆ ಇವತ್ತು ನಾನು ಹೆಸರು ತಗೊಂಡೆ, ಅದು ನನ್ನ ಮನಸ್ಸಿಗೆ ಚುಚ್ತಾ ಇದೆ. ನಾಳೆಯದರ ಕೆಳಗೆ ನಿನ್ನ ಹೆಸರನ್ನೇ ಹಾಕು. ದೊಡ್ಡ ಅಕ್ಷರದಲ್ಲಿ, ದೂರದಿಂದ ಬರೋರಿಗೂ ಕಾಣೋ ಹಾಗೆ."